ಆಟಿಯ ಮಳೆಗೆ ಯಾವುದು, ಬೇಶದ ಬಿಸಿಲಿಗೆ ಯಾವುದು: ಕರೆಂಟಿಲ್ಲದ ಕಾಡಿನ ಮನೆಯ ಹೋಲಿಕೆ

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಮಗ್ಗುಲಲ್ಲಿರುವ ನಮ್ಮ ಮನೆಗೆ ಕರೆಂಟಿನ ಕಂಬ ಬಂದಿಲ್ಲ. ಮಲಗಲು ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ, ಹೊರಗೆ ಬಚ್ಚಲು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಹಂಚಿನ ಮಾಡು. ಇರುವುದು ನಾವಿಬ್ಬರು ಮತ್ತು ಎರಡು ದನ. ಇಂಥ ಮನೆ ಕಟ್ಟುವ ಯೋಚನೆ ಇರುವವರು ಬಂದಾಗ ಮೊದಲು ಕೇಳುವುದು, "ಸೋಲಾರ್ ಹಾಕಿದ್ರೆ ಸಾಕಲ್ವಾ?" ಅಂತ. ಡಿಸೆಂಬರದಲ್ಲಿ ಖಂಡಿತ ಸಾಕು. ಆದರೆ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿಯುತ್ತದೆ. ಹಾಗಾಗಿ ಬೆಳಕಿನ ವ್ಯವಸ್ಥೆಯನ್ನು ತುಳುವಿನ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪರೀಕ್ಷೆ ಮಾಡಬೇಕು, ನೀರಿನದ್ದನ್ನು ಬೇಸಿಗೆಯ ಕೊನೆಯ ತಿಂಗಳಾದ ಬೇಶದಲ್ಲಿ. ನನ್ನ ಹೋಲಿಕೆ ಪೂರ್ತಿ ಈ ಲೆಕ್ಕದ್ದು.

ಮೊದಲು ಬ್ಯಾಟರಿ. ಲೆಡ್ ಆಸಿಡ್, ಲಿಥಿಯಂ ಎರಡನ್ನೂ ಇದೇ ಮನೆಯಲ್ಲಿ ಬಳಸಿದ್ದೇವೆ. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ (ಲೆಡ್ ಆಸಿಡ್‌ನದ್ದೇ ಒಂದು ಜಾತಿ) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧ ಮಾತ್ರ ತೆಗೆಯಬೇಕು, ಅಂದರೆ 0.9. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 100 ಆಂಪಿಯರ್-ಅವರ್‌ನದ್ದಾದರೂ 1 ಯೂನಿಟ್ ಆರಾಮಾಗಿ ಕೊಡುತ್ತದೆ. ಟ್ಯೂಬುಲರ್‌ನ ತೂಕ 50 ಕಿಲೋಗೂ ಮೇಲೆ, ಲಿಥಿಯಂನದ್ದು ಹತ್ತಿಪ್ಪತ್ತು ಕಿಲೋ ಒಳಗೆ. ತೋಡಿನ ಮೇಲೆ ಅಡಿಕೆ ಮರದ ಸಂಕ ದಾಟಿ ಬರಬೇಕಾದ ಮನೆಗೆ ಇದೇನು ಸಣ್ಣ ವಿಷಯ ಅಲ್ಲ. ಒಂದನ್ನು ಇಬ್ಬರು ಗಳುವಿಗೆ ಕಟ್ಟಿ ಹೊತ್ತು ತಂದರು, ಇನ್ನೊಂದು ಒಬ್ಬರ ಹೆಗಲಲ್ಲಿ ಬಂತು.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಮಳೆಗಾಲದಲ್ಲಿ. ನಮ್ಮ 300 ವಾಟ್ ಪ್ಯಾನೆಲ್ ಒಳ್ಳೆ ಬಿಸಿಲಿಗೆ ದಿನಕ್ಕೆ ಸುಮಾರು 1 ಯೂನಿಟ್ ಕೊಡುತ್ತದೆ. ಮೋಡ ಮುಚ್ಚಿದ ದಿನ ಕಾಲು ಯೂನಿಟ್ ಬಂದರೆ ಹೆಚ್ಚು. ಹೀಗೆ ವಾರಗಟ್ಟಲೆ ಬ್ಯಾಟರಿ ಪೂರ್ತಿ ತುಂಬದೆ ಇರುತ್ತದೆ. ಲೆಡ್ ಆಸಿಡ್‌ಗೆ ಅದು ಆಗುವುದಿಲ್ಲ. ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಆಮೇಲೆ ಎಷ್ಟು ಬಿಸಿಲು ಬಂದರೂ ಪೂರ್ತಿ ಮರಳುವುದಿಲ್ಲ. ಲಿಥಿಯಂ ಅರ್ಧ ತುಂಬಿದ್ದರೂ ತಕರಾರಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ. ಬೆಲೆ ಜಾಸ್ತಿ, ನಿಜ. ಬಯಲುಸೀಮೆಯಲ್ಲಿ ಇದ್ದಿದ್ದರೆ ಟ್ಯೂಬುಲರ್ ಸಾಕು ಅಂತ ನಾನೇ ಹೇಳುತ್ತಿದ್ದೆ. ಇಲ್ಲಿಗೆ ಲಿಥಿಯಮ್ಮೇ ಸರಿ.

ಬ್ಯಾಟರಿ ಎಷ್ಟೇ ಒಳ್ಳೆಯದಾದರೂ ಅದನ್ನು ತುಂಬಲು ಏನಾದರೂ ಬೇಕಲ್ಲ? ಅದಕ್ಕೆ ಮನೆಯ ಹಿಂದಿನ ತೋಡಿಗೆ, ನೀರಿನ ರಭಸಕ್ಕೆ ತಿರುಗಿ ಕರೆಂಟು ಮಾಡುವ ಒಂದು ಸಣ್ಣ ಟರ್ಬೈನ್ ಕೂರಿಸಿದ್ದೇವೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಗುಡ್ಡದ ನೀರು ಸುಮ್ನೆ ಹರಿದು ಹೋಗುವ ಎಷ್ಟೋ ಮನೆಗಳಲ್ಲಿ ಇದು ಸಾಧ್ಯ. ಮೊದಲು ನೀರಿನ ಅಳತೆ. ತೋಡಿಗೆ ಕಲ್ಲು ಮಣ್ಣಿನ ಸಣ್ಣ ಕಟ್ಟ ಹಾಕಿ, ನೀರನ್ನೆಲ್ಲ ಒಂದು ಪೈಪಿನಲ್ಲಿ ಬರುವಂತೆ ಮಾಡಿ, 15 ಲೀಟರಿನ ಬಕೆಟ್ ಹಿಡಿಯಬೇಕು. ನಮ್ಮಲ್ಲಿ ಅದು 5 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ 3 ಲೀಟರ್. ಕಟ್ಟದಿಂದ ಟರ್ಬೈನಿಗೆ 12 ಮೀಟರ್ ಇಳಿತ. ಲೀಟರನ್ನು ಮೀಟರಿನಿಂದ ಗುಣಿಸಿ, ಅದನ್ನು 9.8ರಿಂದ ಗುಣಿಸಿದರೆ ಸುಮಾರು 350 ವಾಟ್. ಪೈಪಿನಲ್ಲಿ, ಯಂತ್ರದಲ್ಲಿ ಸೋರುವುದನ್ನು ಕಳೆದರೆ ಅರ್ಧ ಕೈಗೆ ಸಿಗುತ್ತದೆ. 175 ವಾಟ್ ಅಂದರೆ ಏನು ಮಹಾ ಅನಿಸಬಹುದು. ಆದರೆ ಅದು ಹಗಲೂ ರಾತ್ರಿ ಬರುತ್ತದೆ. 24 ಗಂಟೆಗೆ 4 ಯೂನಿಟ್! ಸೋಲಾರ್ ಮಲಗಿದ ಆಟಿಯಲ್ಲೇ ಇದರ ಜೋರು.

ಟರ್ಬೈನನ್ನು ಲೋಡ್ ಇಲ್ಲದೆ, ಅಂದರೆ ಅದರ ಕರೆಂಟು ಎಲ್ಲೂ ಖರ್ಚಾಗದೆ, ಓಡಲು ಬಿಡಬಾರದು, ವೇಗ ಮಿತಿಮೀರಿ ಹಾಳಾಗುತ್ತದೆ. ಬ್ಯಾಟರಿ ತುಂಬಿದ ಮೇಲೆ ಉಳಿದ ಕರೆಂಟನ್ನು ಎಲ್ಲಾದರೂ ಸುಡಲೇಬೇಕು. ನಾವು ಅದನ್ನು ಬಟ್ಟೆಯ ಕಪಾಟಿನ ಕೆಳಗೆ ಜಾಲರಿಯೊಳಗಿಟ್ಟ ಹೀಟರ್ ಕಾಯಿಲ್‌ಗೆ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ಸೀರೆಗೆ, ಪುಸ್ತಕಕ್ಕೆ, ಚಪ್ಪಲಿಗೆ ಬೂಸು ಹಿಡಿಯುವ ಕಷ್ಟ ಇಲ್ಲಿಯವರಿಗೆ ಗೊತ್ತು. ನಮ್ಮ ಕಪಾಟಿನಲ್ಲಿ ಈಗ ಆ ವಾಸನೆಯೇ ಇಲ್ಲ.

ಟರ್ಬೈನಿನ ಕಷ್ಟ ಎಂದರೆ ಕಸ. ಜೋರು ಮಳೆ ಬಂದಾಗಲೆಲ್ಲ ಕಟ್ಟದ ಬಾಯಿಗೆ ತರಗೆಲೆ ಕಟ್ಟಿಕೊಳ್ಳುತ್ತದೆ. ಕೊಡೆ ಹಿಡಿದು, ಉಂಬಳ ಕಚ್ಚಿಸಿಕೊಂಡು ಹೋಗಿ ತೆಗೆಯಬೇಕು. ಅಷ್ಟು ಓಡಾಡಲು ಆಗದ ವಯಸ್ಸಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಇನ್ನು ಜನವರಿ ಹೊತ್ತಿಗೆ ತೋಡು ಬತ್ತುತ್ತದೆ, ಟರ್ಬೈನ್ ನಿಲ್ಲುತ್ತದೆ. ಆಗ ಬಿಸಿಲು ಬೇಕಾದಷ್ಟು. ಹಾಗಾಗಿ ಸೋಲಾರೋ ಟರ್ಬೈನೋ ಎಂದು ಕೇಳಿದರೆ ತೋಡು ಇದ್ದವರಿಗೆ ಎರಡೂ ಬೇಕು, ತೋಡಿಲ್ಲದವರು ಪ್ಯಾನೆಲ್ಲನ್ನೇ ಎರಡು ಮೂರು ಪಾಲು ಹೆಚ್ಚು ಹಾಕಬೇಕು.

ಬಲ್ಬಿನ ಬಗ್ಗೆ ಒಂದೇ ಮಾತು. ಬಿಳಿ ಎಲ್‌ಇಡಿಗಿಂತ ಹಳದಿಯದ್ದಕ್ಕೆ ಮಳೆಹುಳ ಬರುವುದು ಕಡಿಮೆ. ಊಟದ ಹೊತ್ತಿಗೆ ಇದು ದೊಡ್ಡ ಉಪಕಾರ. ಫ್ಯಾನ್ ತೆಗೆಯುವುದಾದರೆ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಮೋಟಾರಿನದ್ದೇ ತೆಗೆಯಿರಿ. ಮಾಮೂಲಿ ಫ್ಯಾನ್ 75 ವಾಟ್ ತಿನ್ನುವಲ್ಲಿ ಇದಕ್ಕೆ 30 ಸಾಕು.

ನೀರಿಗೆ ಸುರಂಗವೋ ಬೋರ್‌ವೆಲ್ಲೋ? ಭಾವನ ತೋಟದಲ್ಲಿ ಬೋರ್‌ವೆಲ್ಲಿಗೆ ಸೋಲಾರ್ ಪಂಪ್ ಇದೆ. ಒಂದು ಬೇಸಿಗೆ ಅಲ್ಲಿದ್ದು ನೋಡಿದ್ದೇನೆ. 1 ಎಚ್‌ಪಿ ಪಂಪ್ ಅಂದರೆ ಸುಮಾರು 750 ವಾಟ್. ಮನೆಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಪ್ಯಾನೆಲ್ ಅದಕ್ಕೇ ಬೇಕು. ಪಂಪ್ ಕೆಟ್ಟರೆ ಮೇಲೆತ್ತಲು ಜನ ಬೇಕು, ಅವರು ಬರುವ ತನಕ ನೀರಿಲ್ಲ.

ನಮ್ಮದು ಸುರಂಗ. ನಮ್ಮ ಸುತ್ತಲಿನ ಎಣ್ಮಕಜೆ, ಬಾಯಾರು ಕಡೆ ಇದು ಹೊಸತಲ್ಲ. ಗುಡ್ಡದ ಮುರಕಲ್ಲಿನ ಪದರದಲ್ಲಿ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡಡ್ಡ ಕೊರೆಯುತ್ತಾರೆ. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಸುಮಾರು ಎರಡೂವರೆ ಅಡಿ. ಒಳಗಿನ ಒರತೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ನಮ್ಮ ಹಳೇ ಸುರಂಗದ ಹೂಳು ತೆಗೆಯಲು ಬಂದ ಹಿರಿಯರು ಒಳಗೆ ದೀಪ ಹಿಡಿದೇ ಹೋಗುತ್ತಿದ್ದರು. "ಅಕ್ಕಾ, ದೀಪ ಸಣ್ಣ ಆದ್ರೆ ಗಾಳಿ ಕಮ್ಮಿ ಅಂತ. ಆಮೇಲೆ ಒಂದು ಹೆಜ್ಜೆಯೂ ಮುಂದೆ ಹೋಗ್ಲಿಕ್ಕಿಲ್ಲ," ಅಂದರು. ಈ ಕೆಲಸ ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ. ಇರುವಾಗಲೇ ಹೂಳು ತೆಗೆಸಿಕೊಳ್ಳಿ ಎಂದು ಸುರಂಗ ಇರುವ ಎಲ್ಲರಿಗೂ ಹೇಳುತ್ತೇನೆ.

ನೀರು ಮೊದಲು ಅಡಿಕೆ ಮರ ಸೀಳಿದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಟ್ಯಾಂಕಿಗೆ ಬೀಳುತ್ತದೆ. ಬೇಶದಲ್ಲಿ 15 ಲೀಟರಿನ ಕೊಡ ತುಂಬಲು 15 ನಿಮಿಷ ಬೇಕಾಗುತ್ತದೆ. ನಿಧಾನ ಅನಿಸಿದರೂ ದಿನಕ್ಕೆ 1,400 ಲೀಟರ್ ಆಯಿತು. ಇಬ್ಬರಿಗೆ, ಎರಡು ದನಕ್ಕೆ, ತರಕಾರಿ ಸಾಲಿಗೆ ಸಾಕು. ಅಡಿಕೆ ತೋಟ ಪೂರ್ತಿ ತೋಯಿಸಬೇಕಾದವರಿಗೆ ಸಾಲದು, ಅದು ಬೇರೆ ಲೆಕ್ಕ. ಮಾಡಿನ ಮಳೆನೀರು ಹಿಡಿಯುವುದನ್ನೂ ಮಾಡಿದ್ದೇವೆ. ಆದರೆ ಬೇಸಿಗೆಯ ತನಕ ಬರುವಷ್ಟು ದೊಡ್ಡ ತೊಟ್ಟಿ ಈ ಜಾಗದಲ್ಲಿ ಕಟ್ಟುವಂತಿಲ್ಲ.

ಅಡುಗೆಗೆ ಗೋಬರ್ ಗ್ಯಾಸ್ ಹಾಕಿ ಎಂದು ಬಹಳ ಜನ ಹೇಳಿದರು. 2 ಘನ ಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ನಮ್ಮವು ಕಾಸರಗೋಡಿನ ಕುಳ್ಳ ದನಗಳು. ಕಾಡಿನಲ್ಲಿ ಮೇಯುತ್ತವೆ, ತಿನ್ನುವುದು ಕಡಿಮೆ, ಸಗಣಿಯೂ ಕಡಿಮೆ. ಅದರಲ್ಲಿ ಅರ್ಧ ಗುಡ್ಡದಲ್ಲೇ ಬೀಳುತ್ತದೆ. ಗ್ಯಾಸಿಗೋಸ್ಕರ ದೊಡ್ಡ ಜಾತಿಯ ದನ ಕಟ್ಟುವ ಮನಸ್ಸು ನನಗಿಲ್ಲ.

ಉಳಿದದ್ದು ಸಿಲಿಂಡರ್ ಮತ್ತು ಹೊಗೆಗೂಡು ಇರುವ ಒಲೆ. ತುಂಬಿದ ಸಿಲಿಂಡರ್ 30 ಕಿಲೋ ಹತ್ತಿರ, ಅದೂ ಸಂಕ ದಾಟಿಯೇ ಬರಬೇಕು. ಕುಚ್ಚಿಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ದಿನಾ ಗ್ಯಾಸಿನಲ್ಲೇ ಬೇಯಿಸಿದರೆ ಸಿಲಿಂಡರ್ ಬೇಗ ಮುಗಿಯುತ್ತದೆ. ಒಲೆಗೆ ತೆಂಗಿನ ಕೊತ್ತಳಿಗೆ (ಗರಿಯ ಬುಡ), ಗೆರಟೆ, ಅಡಿಕೆ ಸಿಪ್ಪೆ ಕಾಲ ಬುಡದಲ್ಲೇ ಇದೆ. ಆಟಿಗೆ ಬೇಕಾದ್ದನ್ನು ಮೇ ತಿಂಗಳಲ್ಲೇ ಅಟ್ಟಕ್ಕೆ ಏರಿಸಬೇಕು, ಅಷ್ಟೇ. ಇದರ ಜೊತೆ ಕೇರಳದ ಮನೆಗಳಲ್ಲಿ ಬಳಸುವ ಚೂಡಾರಾಪೆಟ್ಟಿಯನ್ನು ತಂದದ್ದು ಬಹಳ ಒಳ್ಳೆಯದಾಯಿತು. ಅಕ್ಕಿ ಹತ್ತು ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ಬಿಸಿ ಹೋಗದ ಆ ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ ಉಳಿದದ್ದು ತಾನೇ ಬೇಯುತ್ತದೆ. ಬೆಳಿಗ್ಗೆ ಇಟ್ಟು ತೋಟಕ್ಕೆ ಹೋಗಿ ಬಂದರೆ ಅನ್ನ ತಯಾರು. ಈಗ ಸಿಲಿಂಡರ್ ಬೆಳಗ್ಗಿನ ಚಾಯಕ್ಕೆ, ಹೊತ್ತಲ್ಲದ ಹೊತ್ತಿಗೆ ನೆಂಟರು ಬಂದಾಗ ಮಾತ್ರ. ಒಂದು ತಂದರೆ ಐದಾರು ತಿಂಗಳು ಆ ಕಡೆ ನೋಡುವುದಿಲ್ಲ.