ಸುಮ್ ಸುಮ್ನೆ 502 ಬರ್ತಿದೆ ಅಂದ್ರೆ ಹೋಸ್ಟಿಂಗ್‌ನವ್ರು "ಪ್ಲಾನ್ ಅಪ್‌ಗ್ರೇಡ್ ಮಾಡಿ" ಅಂತಾರೆ, ಮಾಡೋಕ್ ಮುಂಚೆ ಇದನ್ನ ಓದಿ

ನಿಮ್ಮ ಆಪ್ ಕ್ಲೌಡ್ ಹೋಸ್ಟಿಂಗ್‌ನಲ್ಲಿದ್ದು ಆಗೊಮ್ಮೆ ಈಗೊಮ್ಮೆ 502 (ಮುಂದಿರೋ ಸರ್ವರ್‌ಗೆ ಆಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನೋ ಎರರ್) ಬರ್ತಿದ್ರೆ, ಸಪೋರ್ಟ್‌ನವ್ರು "ಮೆಮೊರಿ ಸಾಕಾಗ್ತಿಲ್ಲ, ಮುಂದಿನ ಪ್ಲಾನ್‌ಗೆ ಹೋಗಿ" ಅಂತಿದ್ರೆ, ದಯವಿಟ್ಟು ಕಾರ್ಡ್ ನಂಬರ್ ಹಾಕೋಕ್ ಮುಂಚೆ ಇದನ್ನ ಪೂರ್ತಿ ಓದಿ. ಕಂಪನಿ ಹೆಸರು ಹಾಕ್ತಿಲ್ಲ, ದುಡ್ಡು ವಾಪಸ್ ಕೊಡೋ ವಿಚಾರ ಇನ್ನೂ ಮುಗಿದಿಲ್ಲ. ಆದ್ರೆ ಇದೇ ಥರ ಮಾತಾಡೋರು ಬೇರೆ ಕಡೆನೂ ಇರ್ತಾರೆ, ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ.

ಒಬ್ಬ ಕ್ಲೈಂಟ್‌ಗೆ ಆಪ್ ಮಾಡ್ಕೊಟ್ಟಿದ್ದೆ. ಅವ್ರ ಕಸ್ಟಮರ್ಸ್ ಲಾಗಿನ್ ಆಗಿ ಡಾಕ್ಯುಮೆಂಟ್ ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡ್ಬೇಕು, ಆಫೀಸ್‌ನವ್ರು ಅದನ್ನ ನೋಡಿ ಓಕೆ ಮಾಡ್ಬೇಕು, ಅಷ್ಟೇ ಕೆಲಸ. ನೋಡ್ ಜೆಎಸ್‌ನಲ್ಲಿ ಬರೆದ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ವಿಶೇಷ ಏನಿಲ್ಲ. ಮೊದಲ ಡಿಪ್ಲಾಯ್‌ನಲ್ಲಿ (ಆಪ್‌ನ ಸರ್ವರ್‌ಗೆ ಹಾಕಿ ಓಡಿಸೋದು) ಬರೋ ಮಾಮೂಲಿ ತಲೆನೋವು ಬಂತು: ಬಿಲ್ಡ್ ಪಾಸ್ ಆದ್ರೂ ಆಪ್ ಏಳಲ್ಲ, 127.0.0.1 (ಆ ಮಷೀನ್ ಒಳಗಿಂದ ಮಾತ್ರ) ಬಿಟ್ಟು 0.0.0.0 (ಹೊರಗಿಂದಲೂ) ಮೇಲೆ ಕೇಳಿಸ್ಬೇಕು, ಪೋರ್ಟ್ ನಂಬರ್ ಅವ್ರು ಕೊಡೋ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತಗೋಬೇಕು, ಲ್ಯಾಪ್‌ಟಾಪ್‌ನಲ್ಲಿ ಓಡೋ ಇಂಪೋರ್ಟು ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ ಚಿಕ್ಕಕ್ಷರಕ್ಕೆ ಮುರ್ಕೊಂಡು ಬೀಳುತ್ತೆ. ಇವೆಲ್ಲ ಡಿಪ್ಲಾಯ್ ಮಾಡಿದ ಎಲ್ರಿಗೂ ಗೊತ್ತಿರೋದೇ, ಒಂದು ಸಂಜೆಲಿ ಮುಗೀತು, ಇದಕ್ಕೆ ನಾನು ಯಾರನ್ನೂ ಬೈತಿಲ್ಲ.

ಸೇರ್ಕೊಳೋಕ್ ಮುಂಚೆ ಅವ್ರ ಸೇಲ್ಸ್ ಚಾಟ್‌ನಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ಇದು ಮುಂದೆ ಬೇಕಾಗುತ್ತೆ, ನೆನಪಿಟ್ಕೊಳ್ಳಿ. "ಯೂಸರ್ಸ್ ಅಪ್‌ಲೋಡ್ ಮಾಡೋ ಫೈಲ್‌ಗಳನ್ನ ನಿಮ್ಮ ಪ್ಲಾನ್‌ನಲ್ಲಿ ಇಟ್ಕೋಬಹುದಾ, ಬೇರೆ ಏನಾದ್ರೂ ತಗೋಬೇಕಾ?" ಅಂತ. ಉತ್ತರ: "ಸ್ಟೋರೇಜ್ ನಿಮ್ಮ ಪ್ಲಾನ್‌ನಲ್ಲೇ ಸೇರಿದೆ, ಬೇರೇನೂ ಬೇಕಾಗಿಲ್ಲ." ಸ್ಕ್ರೀನ್‌ಶಾಟ್ ಇದೆ ನನ್ನ ಹತ್ರ.

ಆಪ್ ಲೈವ್ ಆದ್ಮೇಲೆ 502 ಶುರು ಆಯ್ತು. ಯಾವಾಗ್ಲೂ ಬರ್ತಿರಲಿಲ್ಲ, ಅದೇ ಕಷ್ಟ. ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದ್ರೆ ಬ್ಯಾಡ್ ಗೇಟ್‌ವೇ, ಇನ್ನೊಂದ್ಸಲ ಒತ್ತಿದ್ರೆ ಸರಿ ಹೋಗುತ್ತೆ. ನನ್ನ ಆಪ್ ಲಾಗ್‌ನಲ್ಲಿ ಆ ರಿಕ್ವೆಸ್ಟ್ ಬಂದಿದ್ದೇ ಇಲ್ಲ, ಒಂದು ಲೈನೂ ಇಲ್ಲ, ಅಂದ್ರೆ ಅವ್ರ ರೌಟರ್‌ಗೂ (ಹೊರಗಿಂದ ಬರೋ ರಿಕ್ವೆಸ್ಟ್‌ಗಳನ್ನ ಆಪ್‌ಗೆ ತಲುಪಿಸೋ ಸರ್ವರ್) ನನ್ನ ಆಪ್‌ಗೂ ನಡುವೆ ಎಲ್ಲೋ ಸಾಯ್ತಿದೆ. ಇನ್ನೊಂದು ವಿಚಿತ್ರ ಅಂದ್ರೆ ಜನ ಜಾಸ್ತಿ ಇದ್ದಾಗ ಎರರ್ ಕಮ್ಮಿ, ಜನ ಕಮ್ಮಿ ಇದ್ದಾಗ ಎರರ್ ಜಾಸ್ತಿ. ಇಷ್ಟನ್ನೂ ಸಪೋರ್ಟ್ ಟಿಕೆಟ್‌ನಲ್ಲಿ (ಅವ್ರಿಗೆ ಬರೆಯೋ ದೂರಿನಲ್ಲಿ) ಬರ್ದೆ, ಟೈಮ್ ಸಮೇತ, ರಿಕ್ವೆಸ್ಟ್ ಐಡಿ ಸಮೇತ.

ಬಂದ ಉತ್ತರ: "ನಿಮ್ಮ ಇನ್‌ಸ್ಟನ್ಸ್‌ಗೆ ಮೆಮೊರಿ ಕಮ್ಮಿ ಆಗಿರಬಹುದು, ಮುಂದಿನ ಪ್ಲಾನ್‌ಗೆ ಹೋಗೋದು ಒಳ್ಳೇದು." (ಇನ್‌ಸ್ಟನ್ಸ್ ಅಂದ್ರೆ ಸರ್ವರ್‌ನಲ್ಲಿ ಓಡ್ತಿರೋ ಆಪ್‌ನ ಒಂದು ಪ್ರತಿ.)

ಮೆಮೊರಿ ಗ್ರಾಫ್ ಅವ್ರ ಡ್ಯಾಶ್‌ಬೋರ್ಡ್‌ನಲ್ಲೇ ಇದೆ, ಅರ್ಧಕ್ಕಿಂತ ಮೇಲೆ ಹೋಗೇ ಇಲ್ಲ. ಮೆಮೊರಿ ಮುಗಿದು ಪ್ರೊಸೆಸ್ ಸತ್ರೆ ಎಕ್ಸಿಟ್ ಕೋಡ್ 137 ಕಾಣ್ಬೇಕು, 128 ಪ್ಲಸ್ ಸಿಗ್ನಲ್ 9 (ಪ್ರೊಸೆಸ್‌ನ ಬಲವಂತವಾಗಿ ಕೊಲ್ಲೋ ಸಿಗ್ನಲ್), ಅದೂ ಇಲ್ಲ. ರೀಸ್ಟಾರ್ಟೇ ಆಗಿಲ್ಲ. ಗ್ರಾಫ್ ಹಾಕಿ ತಿರುಗಿ ಬರ್ದೆ. ಅದಕ್ಕೆ ಬೇರೆ ಯಾರೋ ಬಂದು ಮತ್ತೆ ಅದೇ ಸಾಲು: "ಟ್ರಾಫಿಕ್ ಹೆಚ್ಚಾದಾಗ ಹೀಗಾಗುತ್ತೆ, ಮುಂದಿನ ಪ್ಲಾನ್‌ನಲ್ಲಿ ಆಟೋ ಸ್ಕೇಲಿಂಗ್ ಇದೆ." (ಅಂದ್ರೆ ಟ್ರಾಫಿಕ್ ನೋಡಿ ಇನ್‌ಸ್ಟನ್ಸ್ ತಾನಾಗೇ ಹೆಚ್ಚು ಕಮ್ಮಿ ಆಗೋದು.) ಜನ ಕಮ್ಮಿ ಇದ್ದಾಗ್ಲೇ ಜಾಸ್ತಿ ಬರ್ತಿದೆ ಅಂತ ಮೇಲೆ ಬರೆದಿದ್ದೀನಲ್ಲ ಸ್ವಾಮಿ! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗೆ, ಏನು ಹೇಳಿದ್ರೂ ಉತ್ತರ ಅಪ್‌ಗ್ರೇಡ್.

ಇತ್ತ ಕ್ಲೈಂಟ್ ದಿನಾ ಫೋನು. ಅವ್ರಿಗೆ ರೌಟರ್ ಗೀಟರ್ ಗೊತ್ತಿಲ್ಲ, "ಕಂಪನಿಯವ್ರೇ ಅಪ್‌ಗ್ರೇಡ್ ಮಾಡಿ ಅಂತಿದ್ದಾರಲ್ಲ, ಯಾಕೆ ಮಾಡ್ತಿಲ್ಲ, ದುಡ್ಡು ನಾವು ಕೊಡ್ತೀವಿ" ಅಂದ್ರು. ಪ್ಲಾಟ್‌ಫಾರ್ಮ್‌ನವ್ರ ಲಿಖಿತ ಸಲಹೆ ಒಂದು ಕಡೆ, ದುಡ್ಡು ಕೊಡೋರ ಒತ್ತಾಯ ಇನ್ನೊಂದು ಕಡೆ, ಅಪ್‌ಗ್ರೇಡ್ ಆಯ್ತು.

ನಿಜವಾದ ಕಥೆ ಶುರು ಆಗಿದ್ದೇ ಅಲ್ಲಿಂದ. ಹೊಸ ಪ್ಲಾನ್‌ನಲ್ಲಿ ಕನಿಷ್ಠ ಎರಡು ಇನ್‌ಸ್ಟನ್ಸ್ ಅಂತ ಅವ್ರೇ ಸೆಟ್ ಮಾಡಿಟ್ಟಿರ್ತಾರೆ, ಯಾರೂ ಹೇಳಲ್ಲ. ಮೊದಲ ದಿನಾನೇ ಡೇಟಾಬೇಸ್ ಎರರ್, "ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ", ಅಂದ್ರೆ ಡೇಟಾಬೇಸ್ ಕನೆಕ್ಷನ್ ಎಲ್ಲಾ ತುಂಬಿಹೋಗಿದೆ. ಲೆಕ್ಕ ಹಾಕಿ ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಡೀಫಾಲ್ಟ್ ಮ್ಯಾಕ್ಸ್ ಕನೆಕ್ಷನ್ 100, ಅದ್ರಲ್ಲಿ 3 ಸೂಪರ್‌ಯೂಸರ್‌ಗೆ (ಡೇಟಾಬೇಸ್ ಅಡ್ಮಿನ್) ಅಂತ ಎತ್ತಿಟ್ಟಿರುತ್ತೆ. ನನ್ನ ಆಪ್ ಇರೋ ಕೋರ್ ಎಣಿಸಿ ಅಷ್ಟು ಪ್ರೊಸೆಸ್ ಎಬ್ಬಿಸುತ್ತೆ, ಒಂದೊಂದು ಪ್ರೊಸೆಸ್‌ಗೂ 10 ಕನೆಕ್ಷನ್‌ನ ಪೂಲ್ (ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು). ಹಳೇ ಪ್ಲಾನ್‌ನಲ್ಲಿ 2 ಕೋರ್, 20 ಕನೆಕ್ಷನ್, ಆರಾಮ. ಹೊಸ ಮಷೀನ್ 8 ಕೋರ್ ತೋರ್ಸುತ್ತೆ, ಅಂದ್ರೆ 80, ಇನ್‌ಸ್ಟನ್ಸ್ ಎರಡು ಅಂದ್ರೆ 160. ಇದ್ರ ಮೇಲೆ ಡಿಪ್ಲಾಯ್ ಮಾಡುವಾಗ ಆಪ್ ನಿಲ್ಲಬಾರದು ಅಂತ ಹಳೇದು ಹೊಸದು ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ಓಡುತ್ತೆ, ಆಗ ಅದ್ರ ಡಬಲ್. 97ರಲ್ಲಿ ಎಲ್ಲಿ ಹಿಡಿಯುತ್ತೆ ಹೇಳಿ.

ಟಿಕೆಟ್ ಹಾಕಿದೆ. ಉತ್ತರ ಏನಿರಬಹುದು ಅಂತ ಊಹೆ ಮಾಡ್ತೀರ ನೀವೇ. "ನಿಮ್ಮ ಡೇಟಾಬೇಸ್ ಪ್ಲಾನ್ ಚಿಕ್ಕದು, ಅಪ್‌ಗ್ರೇಡ್ ಮಾಡಿ." ಅವ್ರು ಮಾರಿದ ಪ್ಲಾನ್‌ನಿಂದ ಹುಟ್ಟಿದ ಸಮಸ್ಯೆಗೆ ಇನ್ನೊಂದು ಪ್ಲಾನ್ ಮಾರ್ತಾರೆ! ಇದಕ್ಕೆ ಮಾತ್ರ ನಾನು ಬಗ್ಗಲಿಲ್ಲ, ಪ್ರೊಸೆಸ್ ಸಂಖ್ಯೆ ಕೈಯಲ್ಲೇ 2 ಅಂತ ಫಿಕ್ಸ್ ಮಾಡಿ ಪೂಲ್ ಇಳಿಸಿದೆ, ಅದು ನಿಂತೋಯ್ತು, ಒಂದು ಪೈಸೆ ಖರ್ಚಿಲ್ಲದೆ. ಕೆಲವು ಕಂಟೇನರ್‌ಗಳಲ್ಲಿ (ಒಂದೇ ಮಷೀನ್ ಮೇಲೆ ಆಪ್ ಪ್ರತ್ಯೇಕವಾಗಿ ಓಡೋ ಪೆಟ್ಟಿಗೆ) ನಿಮಗೆ ಕೊಟ್ಟಿರೋ ಕೋರ್ ಬದಲು ಕೆಳಗಿರೋ ದೊಡ್ಡ ಮಷೀನಿನ ಕೋರ್ ಎಲ್ಲಾ ಕಾಣುತ್ತೆ, ಹಾಗಾಗಿ ಕೋರ್ ಎಣಿಸಿ ಪ್ರೊಸೆಸ್ ಎಬ್ಬಿಸೋ ಕೋಡ್ ಇದ್ರೆ ಈಗ್ಲೇ ನೋಡ್ಕೊಳ್ಳಿ.

502 ಹೋಯ್ತಾ? ಇಲ್ಲ. ಜಾಸ್ತಿ ಆಯ್ತು. ಅಷ್ಟು ದುಡ್ಡು ಸುರಿದ ಮೇಲೆ ಜಾಸ್ತಿ ಆಯ್ತು.

ಆಮೇಲೆ ಆಗಿದ್ದನ್ನ ಈಗ ಬರೆಯೋಕೂ ಮೈ ಉರಿಯುತ್ತೆ. ಕ್ಲೈಂಟ್ ಆಫೀಸಿಂದ ಕಾಲ್, ಎಲ್ಲರೂ ಕೂತಿದ್ದಾರೆ, ಸ್ಕ್ರೀನ್ ಶೇರ್ ಆಗಿದೆ, ಒಂದು ಡಾಕ್ಯುಮೆಂಟ್ ಓಪನ್ ಮಾಡಿದ್ರೆ 404, ಅಂದ್ರೆ ಫೈಲ್ ಸಿಗ್ತಿಲ್ಲ. ರಿಫ್ರೆಶ್ ಮಾಡಿದ್ರೆ ಬಂತು. ಮತ್ತೆ ರಿಫ್ರೆಶ್, ಇಲ್ಲ. ಎರಡು ಇನ್‌ಸ್ಟನ್ಸ್ ಅಲ್ವಾ, ಅಪ್‌ಲೋಡ್ ಆಗಿದ್ದು ಒಂದ್ರ ಡಿಸ್ಕ್‌ಗೆ, ರಿಕ್ವೆಸ್ಟ್ ಇನ್ನೊಂದಕ್ಕೆ ಹೋದ್ರೆ ಅಲ್ಲಿ ಫೈಲ್ ಇಲ್ಲ. ಅದನ್ನ ನೋಡ್ತಿರೋವಾಗ್ಲೇ ಹಿಂದಿನ ವಾರದ ಫೈಲ್‌ಗಳನ್ನ ಹುಡುಕಿದ್ರು. ಒಂದೂ ಇಲ್ಲ. ಎಷ್ಟ್ ಸಲ ರಿಫ್ರೆಶ್ ಮಾಡಿದ್ರೂ ಇಲ್ಲ. ಫೋಲ್ಡರ್ ಖಾಲಿ. "ನಮ್ಮ ಕಸ್ಟಮರ್ಸ್ ಕಳಿಸಿದ ಡಾಕ್ಯುಮೆಂಟ್ಸ್ ಎಲ್ಲಿ?" ಅಂತ ಕೇಳ್ತಿದ್ದಾರೆ, ನನ್ನ ಬಾಯಲ್ಲಿ ಮಾತಿಲ್ಲ.

ಕಾಲ್ ನಡೀತಿರೋವಾಗ್ಲೇ ಅರ್ಜೆಂಟ್ ಅಂತ ಟಿಕೆಟ್ ಹಾಕಿದೆ, ಫೈಲ್ ಕಾಣ್ತಿಲ್ಲ, ದಯವಿಟ್ಟು ಡಿಸ್ಕ್ ಬ್ಯಾಕಪ್‌ನಿಂದ ರಿಸ್ಟೋರ್ ಮಾಡಿ ಅಂತ. ಬಂದ ಉತ್ತರ ಅಕ್ಷರಶಃ ನೆನಪಿದೆ:

"ಇದು ನಿರೀಕ್ಷಿತ ವರ್ತನೆ. ಇನ್‌ಸ್ಟನ್ಸ್‌ನ ಫೈಲ್ ಸಿಸ್ಟಮ್ ತಾತ್ಕಾಲಿಕ. ಪ್ರತಿ ಡಿಪ್ಲಾಯ್, ಪ್ರತಿ ರೀಸ್ಟಾರ್ಟ್‌ಗೆ ಹೊಸದಾಗಿ ಶುರುವಾಗುತ್ತೆ. ರಿಸ್ಟೋರ್ ಸಾಧ್ಯವಿಲ್ಲ."

ನಿರೀಕ್ಷಿತ ವರ್ತನೆಯಂತೆ. ಯಾರ ನಿರೀಕ್ಷೆ? ನಾನು ಸೇರೋಕ್ ಮುಂಚೆನೇ ಕೇಳಿದ್ದೆ, ಇದೇ ಪ್ರಶ್ನೆ ಕೇಳಿದ್ದೆ. ಚಾಟ್ ಸ್ಕ್ರೀನ್‌ಶಾಟ್ ಹಾಕಿದೆ, "ಸ್ಟೋರೇಜ್ ಪ್ಲಾನ್‌ನಲ್ಲೇ ಸೇರಿದೆ, ಬೇರೇನೂ ಬೇಕಾಗಿಲ್ಲ ಅಂತ ನಿಮ್ಮವ್ರೇ ಬರೆದಿದ್ದಾರೆ ನೋಡಿ" ಅಂತ. ಅದಕ್ಕೆ ಬಂದಿದ್ದು:

"ಸ್ಟೋರೇಜ್ ಅಂದ್ರೆ ಆಪ್ ಓಡೋವಾಗ ಬೇಕಾಗೋ ಡಿಸ್ಕ್ ಜಾಗ. ಶಾಶ್ವತ ಡಿಸ್ಕ್ ಬೇಕಿದ್ದಲ್ಲಿ ಆಡ್ ಆನ್ ರೂಪದಲ್ಲಿ ಲಭ್ಯವಿದೆ. ಲಿಂಕ್ ಕಳಿಸಲೇ?"

ಲಿಂಕ್ ಕಳಿಸಲೇ ಅಂತೆ! ಆ ಸಾಲು ಓದಿದಾಗ ಗೊತ್ತಾಯ್ತು ನನಗೆ, ಮೊದಲಿಂದ ಇವ್ರಿಗೆ ನನ್ನ ಸಮಸ್ಯೆ ಓದೋ ಉದ್ದೇಶನೇ ಇರಲಿಲ್ಲ. ಯೂಸರ್ಸ್ ಅಪ್‌ಲೋಡ್ ಮಾಡೋ ಫೈಲ್ ಅಂತ ಸ್ಪಷ್ಟವಾಗಿ ಬರ್ದು ಕೇಳಿದವನಿಗೆ, ರೀಸ್ಟಾರ್ಟ್ ಆದ್ರೆ ಅಳಿಸಿಹೋಗೋ ಜಾಗಾನ ಸ್ಟೋರೇಜ್ ಅಂತ ಹೇಳಿ ಮಾರಿದ್ದಾರೆ. ಫೈಲ್ ಸಿಸ್ಟಮ್ ತಾತ್ಕಾಲಿಕ ಆಗಿರೋದು ತಪ್ಪಲ್ಲ, ಇಂಥ ಪ್ಲಾಟ್‌ಫಾರ್ಮ್‌ಗಳಲ್ಲಿ ಅದು ಮಾಮೂಲಿ, ಅದಕ್ಕೇ ಅಲ್ವಾ ನಾನು ಕೇಳಿದ್ದು! ಇಲ್ಲ ಅಂತ ಒಂದು ಪದ ಹೇಳಿದ್ರೆ ಆಬ್ಜೆಕ್ಟ್ ಸ್ಟೋರೇಜ್‌ಗೆ (ಆಪ್‌ನಿಂದ ಬೇರೆಯಾಗಿ ಫೈಲ್ ಶಾಶ್ವತವಾಗಿ ಇಡೋ ಸೇವೆ) ಹಾಕ್ತಿದ್ದೆ, ಕೋಡ್‌ನಲ್ಲಿ ಅರ್ಧ ದಿನದ ಕೆಲಸ. ಬೇರೇನೂ ಬೇಕಾಗಿಲ್ಲ ಅಂದ್ರು. ಆ ಫೈಲ್‌ಗಳು ಹೋದ್ವು, ಕಸ್ಟಮರ್ಸ್‌ಗೆಲ್ಲ ಫೋನ್ ಮಾಡಿ ಮತ್ತೆ ಅಪ್‌ಲೋಡ್ ಮಾಡಿ ಅಂತ ಕೇಳ್ಬೇಕಾಯ್ತು, ಕೆಲವ್ರು ಕಳಿಸ್ಲೇ ಇಲ್ಲ. ಕ್ಲೈಂಟ್ ಮುಂದೆ ನನ್ನ ಮರ್ಯಾದೆ ಹೋಯ್ತು, ಅದನ್ನ ಯಾವ ರೀಫಂಡ್ ತಂದ್ಕೊಡುತ್ತೆ.

502 ಕಾರಣ ಕೊನೆಗೆ ನಾನೇ ಹುಡುಕಿದೆ. ಇದು ತುಂಬಾ ಜನಕ್ಕೆ ಬರೋ ಸಮಸ್ಯೆ, ಅದಕ್ಕೇ ಸರಿಯಾಗಿ ಬರೀತೀನಿ. ರೌಟರ್ ನಿಮ್ಮ ಆಪ್ ಜೊತೆ ಕನೆಕ್ಷನ್ ತೆರೆದು, ಒಂದು ರಿಕ್ವೆಸ್ಟ್ ಮುಗಿದ ಮೇಲೂ ಅದನ್ನ ಮುಚ್ಚದೆ ಇಟ್ಕೊಂಡಿರುತ್ತೆ, ಮುಂದಿನ ರಿಕ್ವೆಸ್ಟ್‌ಗೆ ಅದನ್ನೇ ಬಳಸೋಕೆ. ಅವ್ರ ರೌಟರ್ 60 ಸೆಕೆಂಡ್ ಇಟ್ಕೊಳುತ್ತೆ. ನಾನು ಬಳಸ್ತಿದ್ದ ನೋಡ್ ವರ್ಶನ್‌ನಲ್ಲಿ ಕೀಪ್ ಅಲೈವ್ ಟೈಮ್‌ಔಟ್ ಡೀಫಾಲ್ಟ್ 5 ಸೆಕೆಂಡ್. ಅಂದ್ರೆ 5 ಸೆಕೆಂಡ್ ಸುಮ್ನಿದ್ರೆ ನನ್ನ ಆಪ್ ಕನೆಕ್ಷನ್ ಮುಚ್ಚುತ್ತೆ, ಅದೇ ಕ್ಷಣಕ್ಕೆ ರೌಟರ್ ಅದೇ ಕನೆಕ್ಷನ್ ಮೇಲೆ ಹೊಸ ರಿಕ್ವೆಸ್ಟ್ ಹಾಕಿದ್ರೆ ಮುಚ್ಚಿದ ಬಾಗಿಲಿಗೆ ಹೋಗಿ ಹೊಡೆಯುತ್ತೆ, ಯೂಸರ್‌ಗೆ 502. ಆಪ್‌ವರೆಗೂ ಬರೋದೇ ಇಲ್ಲ, ಅದಕ್ಕೇ ಲಾಗ್ ಇಲ್ಲ. ಜನ ಜಾಸ್ತಿ ಇದ್ರೆ ಕನೆಕ್ಷನ್ ಸುಮ್ನೆ ಕೂರೋದೇ ಇಲ್ಲ, ಅದಕ್ಕೇ ಆಗ ಎರರ್ ಕಮ್ಮಿ. ಇನ್‌ಸ್ಟನ್ಸ್ ಎರಡು ಮಾಡಿದಾಗ ಟ್ರಾಫಿಕ್ ಹಂಚಿಹೋಗಿ ಒಂದೊಂದೂ ಜಾಸ್ತಿ ಹೊತ್ತು ಖಾಲಿ ಕೂತ್ಕೊಳ್ತು, ಅದಕ್ಕೇ ಅಪ್‌ಗ್ರೇಡ್ ಆದ್ಮೇಲೆ ಎರರ್ ಏರಿದ್ದು! ಫಾರ್ಮ್ ಸಬ್ಮಿಟ್‌ನಲ್ಲೇ ಕಾಣ್ತಿದ್ದಿದ್ದು ಯಾಕಂದ್ರೆ ಪೋಸ್ಟ್ ರಿಕ್ವೆಸ್ಟನ್ನ (ಡೇಟಾ ಕಳಿಸೋ ರಿಕ್ವೆಸ್ಟ್) ರೌಟರ್‌ನಂಥ ಪ್ರಾಕ್ಸಿಗಳು ಸಾಮಾನ್ಯವಾಗಿ ತಾವಾಗೇ ಎರಡನೇ ಸಲ ಕಳಿಸಲ್ಲ, ಎರಡು ಎಂಟ್ರಿ ಬೀಳಬಹುದು ಅಂತ.

ಕೀಪ್ ಅಲೈವ್ ಟೈಮ್‌ಔಟ್ 65 ಸೆಕೆಂಡ್, ಹೆಡರ್ಸ್ ಟೈಮ್‌ಔಟ್ (ರಿಕ್ವೆಸ್ಟ್‌ನ ಹೆಡರ್ ಪೂರ್ತಿ ಬರೋವರೆಗೆ ಕಾಯೋ ಸಮಯ) ಅದಕ್ಕಿಂತ ಒಂದು ಸೆಕೆಂಡ್ ಜಾಸ್ತಿ. ಎರಡು ಸಾಲು ಕೋಡ್. 502 ನಿಂತೋಯ್ತು, ಇವತ್ತಿನವರೆಗೂ ಬಂದಿಲ್ಲ. ಹಳೇ ಪ್ಲಾನ್‌ನಲ್ಲೇ ನಿಲ್ತಿತ್ತು.

ಇದನ್ನ ಟಿಕೆಟ್‌ನಲ್ಲಿ ಬರ್ದು, ನೀವು ಹೇಳಿದ ಅಪ್‌ಗ್ರೇಡ್ ಬೇಕಾಗಿರ್ಲೇ ಇಲ್ಲ, ಆ ದುಡ್ಡು ವಾಪಸ್ ಕೊಡಿ ಅಂದೆ. ಉತ್ತರ: "ಇದು ಅಪ್ಲಿಕೇಶನ್ ಮಟ್ಟದ ಸಮಸ್ಯೆ ಎಂದು ಖಚಿತಪಡಿಸಿದ್ದಕ್ಕೆ ಧನ್ಯವಾದಗಳು. ರೌಟರ್‌ನ 60 ಸೆಕೆಂಡ್ ಮಿತಿ ನಮ್ಮ ಡಾಕ್ಯುಮೆಂಟೇಶನ್‌ನಲ್ಲಿದೆ. ಬಳಸಿದ ಸಂಪನ್ಮೂಲಕ್ಕೆ ರೀಫಂಡ್ ಇರುವುದಿಲ್ಲ." ಟಿಕೆಟ್ ಮೇಲೆ ರಿಸಾಲ್ವ್ಡ್ ಅಂತ ಹಸಿರು ಪಟ್ಟಿ. ಡಾಕ್ಯುಮೆಂಟೇಶನ್‌ನಲ್ಲಿ ಇದ್ರೆ ಮೊದಲ ಟಿಕೆಟ್‌ಗೇ ಆ ಪೇಜ್ ಕಳಿಸ್ಬೇಕಿತ್ತಲ್ವಾ? ಆಗ ಕಳಿಸಿದ್ದು ಪ್ರೈಸಿಂಗ್ ಪೇಜ್. ನಾನು ಟಿಕೆಟ್ ಮತ್ತೆ ಓಪನ್ ಮಾಡ್ತೀನಿ, ಅವ್ರು ಮತ್ತೆ ಮುಚ್ತಾರೆ, ಅದೇ ನಡೀತಿದೆ. ಬಜೆಟ್ ಅಲರ್ಟ್ ಇಟ್ಟಿದ್ದೆ, ಅದು ಬರೀ ಇಮೇಲ್ ಕಳಿಸುತ್ತೆ ಅಷ್ಟೇ, ಏನನ್ನೂ ನಿಲ್ಲಿಸಲ್ಲ.

ಹೊಸದಾಗಿ ಎಲ್ಲಾದ್ರೂ ಸೇರ್ತಿದ್ರೆ ಸೇಲ್ಸ್ ಚಾಟ್‌ನ ಮಾತು ನಂಬ್ಬೇಡಿ. "ಸ್ಟೋರೇಜ್ ಇದೆಯಾ" ಅಂತ ಕೇಳ್ಬೇಡಿ, "ರೀಸ್ಟಾರ್ಟ್ ಆದ್ಮೇಲೆ ಈ ಫೈಲ್ ಅಲ್ಲೇ ಇರುತ್ತಾ" ಅಂತ ಕೇಳಿ, ಟಿಕೆಟ್‌ನಲ್ಲಿ ಉತ್ತರ ತಗೊಳ್ಳಿ, ಮತ್ತೆ ನೀವೇ ಒಂದು ಫೈಲ್ ಹಾಕಿ ರೀಸ್ಟಾರ್ಟ್ ಬಟನ್ ಒತ್ತಿ ನೋಡಿ. 502 ಬಂದ್ರೆ ಮೊದ್ಲು ರೌಟರ್ ಟೈಮ್‌ಔಟ್ ಎಷ್ಟು, ನಿಮ್ಮ ಸರ್ವರ್ ಟೈಮ್‌ಔಟ್ ಎಷ್ಟು ನೋಡಿ, ನಿಮ್ಮದು ಜಾಸ್ತಿ ಇರ್ಬೇಕು. ಇನ್‌ಸ್ಟನ್ಸ್ ಇಂಟು ಪ್ರೊಸೆಸ್ ಇಂಟು ಪೂಲ್, ಇದನ್ನ ಗುಣಿಸದೆ ಸ್ಕೇಲ್ ಮಾಡ್ಬೇಡಿ. ಆಟೋ ಸ್ಕೇಲಿಂಗ್‌ನಲ್ಲಿ ಗರಿಷ್ಠ ಎಷ್ಟು ಅಂತ ನೀವೇ ಹಾಕಿ, ಅವ್ರು ಹಾಕಿದ್ದನ್ನ ಬಿಡ್ಬೇಡಿ.

ಈಗಾಗ್ಲೇ ಇಂಥ ಕಡೆ ಸಿಕ್ಕಾಕೊಂಡು ಬಿಡೋಕೆ ಹೊರಟಿದ್ರೆ, ಅಕೌಂಟ್ ಕ್ಲೋಸ್ ಮಾಡೋಕ್ ಮುಂಚೆ ಡೇಟಾಬೇಸ್ ಡಂಪ್ (ಪೂರ್ತಿ ಡೇಟಾದ ಕಾಪಿ) ತಗೊಂಡು ಬೇರೆ ಕಡೆ ರಿಸ್ಟೋರ್ ಆಗುತ್ತಾ ಅಂತ ನೋಡಿ, ಟಿಕೆಟ್ ಎಲ್ಲಾ ಪಿಡಿಎಫ್ ಮಾಡಿ, ಲಾಗ್ ಡೌನ್‌ಲೋಡ್ ಮಾಡ್ಕೊಳ್ಳಿ. ನನ್ನ ಮೊದಲ ವಾರದ 502ರ ರೌಟರ್ ಲಾಗ್‌ಗಳು ಈಗ ಅವ್ರ ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲ, ನನ್ನ ಪ್ಲಾನ್‌ನಲ್ಲಿ ಲಾಗ್ ಅಷ್ಟು ದಿನ ಇಡಲ್ವಂತೆ, ಜಾಸ್ತಿ ದಿನ ಬೇಕು ಅಂದ್ರೆ ಅದಕ್ಕೂ ಮೇಲಿನ ಪ್ಲಾನ್ ತಗೋಬೇಕಂತೆ.