ಸಂಸಾರ ಸಮೇತ ಬಂದ ಜೇನುಪೆಟ್ಟಿಗೆ: ತಗೊಂಡವಳ ಅಭಿಪ್ರಾಯ

ಅಡಿಕೆ ತೋಟಕ್ಕೊಂದು ಜೇನುಪೆಟ್ಟಿಗೆ ಬೇಕು ಅನ್ನೋದು ಬಹಳ ವರ್ಷದ ಆಸೆ. ಖಾಲಿ ಪೆಟ್ಟಿಗೆ ಇಟ್ಟು ಹಿಂಡು ಬರಲಿ ಎಂದು ಕಾಯುವ ಬದಲು, ಎರಿ (ಮೇಣದ ಗೂಡು) ಕಟ್ಟಿ ನೆಲೆ ನಿಂತ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡಜೇನಿನ ಕುಟುಂಬವನ್ನೇ ಕೊಂಡೆ. ಕೊಟ್ಟವರು ಸಿದ್ದಾಪುರ ಕಡೆಯ ಒಬ್ಬ ಕೃಷಿಕರು. ಪೆಟ್ಟಿಗೆ, ಕುಟುಂಬ, ಸ್ಟ್ಯಾಂಡ್ ಎಲ್ಲ ಸೇರಿ 5000 ರೂಪಾಯಿ. ನನ್ನ ಮಟ್ಟಿಗೆ ಇದು ಸರಿಯಾದ ಬೆಲೆ.

ಯಾಕೆಂದರೆ ದುಡ್ಡಿನ ಮಾತಿಗೂ ಮೊದಲು ಅವರು ಮುಚ್ಚಳ ತೆಗೆದು ತೋರಿಸಿದರು. "ಅಕ್ಕಾ, ನೊಣ ಎಷ್ಟಿದೆ ಅಂತ ನೋಡಬೇಡಿ, ಎರಿ ನೋಡಿ" ಎಂದರು. ಎರಿ ಕಟ್ಟಿದ ಫ್ರೇಮನ್ನು ಬಿಸಿಲಿಗೆ ಓರೆಯಾಗಿ ಹಿಡಿದಾಗ ಎರಿಯ ಕಣಗಳ ತಳದಲ್ಲಿ ಸಣ್ಣ ಬಿಳಿ ಮೊಟ್ಟೆ ಕಂಡಿತು. ಒಂದು ಕಣಕ್ಕೆ ಒಂದೇ ಮೊಟ್ಟೆ ಇದ್ದರೆ ರಾಣಿ ಚೆನ್ನಾಗಿದೆ ಎಂದರ್ಥ. ಒಂದರಲ್ಲೇ ಮೂರು ನಾಲ್ಕು ಇದ್ದರೆ ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿರಬಹುದು, ಅಂಥ ಪೆಟ್ಟಿಗೆ ಬೇಡವೇ ಬೇಡ. ಮುಚ್ಚಿದ ಕಣಗಳ ಕೆಲವು ಟೋಪಿಗಳಲ್ಲಿ ಸೂಜಿಮೊನೆಯಷ್ಟು ತೂತು ಇತ್ತು. ರೋಗವೇನೋ ಎಂದು ಕೇಳಿದೆ. ಅವು ಗಂಡು ನೊಣದ ಕಣಗಳು, ತುಡುವೆಯಲ್ಲಿ ಹಾಗೇ ಇರುತ್ತದೆ ಎಂದು ಸಮಾಧಾನವಾಗಿ ಹೇಳಿದರು.

ನಿಜವಾದ ರೋಗದ ಬಗ್ಗೆಯೂ ಮುಚ್ಚುಮರೆ ಮಾಡಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ನಮ್ಮ ಕಡೆಯ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾಗಿದ್ದವು, ಹಿರಿಯರು ಈಗಲೂ ಹೇಳುತ್ತಾರೆ. ಮರಿ ನೀರು ತುಂಬಿದ ಚೀಲದ ಹಾಗೆ ಸತ್ತು ಬಿದ್ದಿರುತ್ತದಂತೆ. ಅದಕ್ಕೆ ಔಷಧಿ ಇಲ್ಲ. ಹಾಗಾಗಿ ಪ್ರತಿ ಫ್ರೇಮನ್ನೂ ಎತ್ತಿ ತೋರಿಸಿದ್ದು ನನಗೆ ಬಹಳ ದೊಡ್ಡ ವಿಷಯ.

ಕತ್ತಲಾಗಿ ನೊಣಗಳೆಲ್ಲ ಒಳಗೆ ಬಂದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ಜೀಪಿನಲ್ಲಿ ತಂದರು. ತೋಟದ ಅಂಚಿನಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಕಡೆ ಅವರೇ ಇಟ್ಟುಕೊಟ್ಟರು. ಸ್ಟ್ಯಾಂಡ್ ಕಾಲಿಗೆ ನೀರಿನ ಬಟ್ಟಲು ಇಡಲೇಬೇಕು. ಇಲ್ಲದಿದ್ದರೆ ಇರುವೆ ಹತ್ತಿ, ಕುಟುಂಬ ಪೆಟ್ಟಿಗೆ ಬಿಟ್ಟೇ ಹೋದೀತು. "ಒಂದು ವಾರ ಮುಚ್ಚಳ ಮುಟ್ಟಬೇಡಿ, ಬಾಗಿಲಲ್ಲೇ ನಿಂತು ನೋಡಿ" ಎಂದಿದ್ದರು. ಕಾಲಿಗೆ ಹಳದಿ ಪರಾಗ ಅಂಟಿಸಿಕೊಂಡು ನೊಣಗಳು ಬರುತ್ತಿದ್ದವು. ಒಳಗೆ ಮರಿ ಬೆಳೆಯುತ್ತಿದೆ ಅನ್ನೋದಕ್ಕೆ ಅದೇ ಒಳ್ಳೆ ಗುರುತು, ಅಲ್ವಾ? ಆಮೇಲೆ ರಾಣಿಕಣ (ಹೊಸ ರಾಣಿ ಬೆಳೆಯುವ ಕಣ) ಕಂಡಾಗ ಫೋಟೋ ಕಳಿಸಿದೆ. ಕುಟುಂಬ ಪಾಲಾಗಿ ಒಂದಷ್ಟು ನೊಣ ಹಾರಿಹೋಗುವ ಮೊದಲು ಏನು ಮಾಡಬೇಕೆಂದು ಅದೇ ಸಂಜೆ ಫೋನಿನಲ್ಲಿ ಬಿಡಿಸಿ ಹೇಳಿದರು.

ಕೊರತೆ ಇಲ್ಲವೆಂದಲ್ಲ. ಜೇನು ತುಂಬಿಡುವ ಮೇಲಿನ ಕೋಣೆಯ ಫ್ರೇಮುಗಳು ಬಿಗಿ, ಎತ್ತುವಾಗ ಪೆಟ್ಟಿಗೆ ಅಲುಗಾಡಿ ನೊಣಗಳು ರೇಗುತ್ತವೆ. ಮರವೂ ಸರಿಯಾಗಿ ಒಣಗಿಲ್ಲ, ಮುಚ್ಚಳದ ಮೂಲೆ ಸೊಟ್ಟಗಾಗಿದೆ. ಹೊಗೆ ತಿದಿ, ಮುಖದ ಬಲೆ ಬೇರೆ ಕೊಳ್ಳಬೇಕು. ಮಳೆಗಾಲದಲ್ಲಿ ಹೂವಿಲ್ಲದಾಗ ಸಕ್ಕರೆ ಪಾಕ ಕೊಡುವ ಖರ್ಚೂ ಇದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಕೊಳ್ಳಿ.

ಇವರ ಹತ್ತಿರ ಮಾರಾಟಕ್ಕಿರುವ ಕುಟುಂಬಗಳು ಕಡಿಮೆ. ಬೇಕಾದವರು ಮಳೆ ನಿಲ್ಲುತ್ತಿದ್ದಂತೆ ಹೇಳಿಟ್ಟುಬಿಡಿ. ಹಗಲು ಹೊತ್ತಲ್ಲೇ ಹೋಗಿ, ಮುಚ್ಚಳ ತೆಗೆಸಿ ನೋಡಿ. ತೆಗೆಯಲು ಒಪ್ಪದವರ ಹತ್ತಿರ, ಅವರು ಯಾರೇ ಆಗಿರಲಿ, ಕೊಳ್ಳಬೇಡಿ.