ಹೋ ಚಿ ಮಿನ್ ಸಿಟಿ ಒಂದು ದಿನದ ಟೂರ್: ಗೈಡ್‌ಗೆ 5 ಸ್ಟಾರ್, ಪ್ಯಾಕೇಜ್‌ಗೆ 3

ನಾನು, ನನ್ನ ಹೆಂಡ್ತಿ, ಅಪ್ಪ, ಅಮ್ಮ ನಾಲ್ಕೇ ಜನ ಹೋಗಿದ್ದು. ಬೆಳಗ್ಗೆ ವಿಯೆಟ್ನಾಂ ಯುದ್ಧದ ವಾರ್ ರೆಮ್ನಂಟ್ಸ್ ಮ್ಯೂಸಿಯಂ, ನಡುವೆ ಊಟ, ಮಧ್ಯಾಹ್ನ ಆ ಯುದ್ಧದಲ್ಲಿ ಗೆರಿಲ್ಲಾಗಳು ಬಳಸ್ತಿದ್ದ ಕು ಚಿ ಸುರಂಗ, ಇಷ್ಟು ಪ್ಲಾನ್. ಗಾಡಿ ಚೆನ್ನಾಗಿತ್ತು, ಟೈಮಿಗೆ ಸರಿಯಾಗಿ ಹೋಟೆಲ್ ಹತ್ರ ಬಂತು. ಅಮ್ಮಂಗೆ ಊಟದ್ದೇ ಚಿಂತೆ ಇತ್ತು, ಆದ್ರೆ ಅಲ್ಲಿ ಬೋರ್ಡ್ ಮೇಲೆ "ಚಾಯ್" ಅಂತ ಇದ್ರೆ ಪಕ್ಕಾ ವೆಜ್ ಅಂತ ಗೈಡ್ ಹೇಳಿ ಅಂಥದ್ದೇ ಒಂದು ಕಡೆ ಕೂರಿಸಿದ್ರು, ಅನ್ನ, ತೋಫು, ಸೊಪ್ಪಿನ ಸಾರು, ಅಮ್ಮ ಎರಡು ಸಲ ಹಾಕಿಸ್ಕೊಂಡ್ರು.

ಈಗ ಮ್ಯೂಸಿಯಂ ವಿಷ್ಯ. ಟಿಕೆಟ್ 40,000 ಡಾಂಗ್, ನಮ್ಮ ದುಡ್ಡಲ್ಲಿ ನೂರೈವತ್ತರ ಒಳಗೆ. ಅಂಗಳದಲ್ಲಿ ಅಮೆರಿಕನ್ನರು ಬಿಟ್ಟು ಹೋದ ಟ್ಯಾಂಕು, ಹೆಲಿಕಾಪ್ಟರ್, ಎಲ್ರೂ ಅಲ್ಲೇ ಫೋಟೋ ತೆಗೆಸ್ಕೊಳ್ತಾ ನಿಂತುಬಿಡ್ತಾರೆ, ನೀವು ಹಂಗೆ ಮಾಡ್ಬೇಡಿ, ಸೀದಾ ಮೇಲೆ ಏಜೆಂಟ್ ಆರೆಂಜ್ (ಯುದ್ಧದಲ್ಲಿ ಅಮೆರಿಕ ವಿಮಾನದಿಂದ ಹೊಡೆದ ಕಳೆನಾಶಕ) ಹಾಲ್‌ಗೆ ಹೋಗಿ. ಹುಟ್ಟುತ್ತಲೇ ಅಂಗವಿಕಲರಾದ ಮಕ್ಕಳ ಫೋಟೋಗಳಿವೆ, ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗೋರು ಮೊದಲೇ ಯೋಚನೆ ಮಾಡಿ.

ನಮ್ಮಪ್ಪ ಭದ್ರಾ ನಾಲೆ ಕೆಳಗೆ ನಲವತ್ತು ವರ್ಷ ಭತ್ತ ಬೆಳೆದೋರು, ಇಂಗ್ಲಿಷ್ ಬರಲ್ಲ, ಗೈಡ್ ಹೇಳಿದ್ದನ್ನ ನಾನು ಕನ್ನಡದಲ್ಲಿ ಹೇಳ್ತಾ ಹೋಗ್ತಿದ್ದೆ. ಆ ವಿಷ ಅರ್ಧ 2,4-ಡಿ, ಅರ್ಧ 2,4,5-ಟಿ, 208 ಲೀಟರ್ ಡ್ರಮ್ಮಿನ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಇರ್ತಿತ್ತು, ಅದ್ರಿಂದ್ಲೇ ಆ ಹೆಸರು ಅಂತ ಹೇಳ್ದೆ. ಅಪ್ಪ ನನ್ನ ಕೈ ಹಿಡಿದು ನಿಲ್ಲಿಸಿದ್ರು. "ಟೂ ಫೋರ್ ಡಿ ಅಂದ್ರೆ ನಾವು ಕಳೆಗೆ ಹೊಡೀತೀವಲ್ಲ ಅದೇ ಎಣ್ಣೆ ಅಲ್ವೇನೋ? ಕೇಳೋ ಆ ಮಗೂನ."

ಕೇಳಿದೆ. ನಮ್ಮ ಗೈಡ್ ಹುಡುಗಿ ಅವಸರ ಮಾಡ್ದೆ ಬಿಡಿಸಿ ಹೇಳಿದ್ರು. 2,4-ಡಿ ಈಗ್ಲೂ ಎಷ್ಟೋ ದೇಶಗಳಲ್ಲಿ ಬಳಸ್ತಾರೆ, ಆದ್ರೆ ಡಯಾಕ್ಸಿನ್ ಅನ್ನೋ ಘೋರ ವಿಷ ಬಂದಿದ್ದು ಇನ್ನರ್ಧದಿಂದ, 2,4,5-ಟಿ ತಯಾರು ಮಾಡುವಾಗ ಫ್ಯಾಕ್ಟರೀಲಿ ಅದು ತಾನಾಗೇ ಹುಟ್ಟಿ ಸೇರ್ಕೊಂಡು ಬಂತು. 1961ರಿಂದ 1971ರವರೆಗೆ ಅಮೆರಿಕ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ವಿಮಾನದಿಂದ ಹೊಡೆದಿದೆ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಏಜೆಂಟ್ ಆರೆಂಜೇ. ಏಜೆಂಟ್ ಬ್ಲೂ ಅಂತ ಇನ್ನೊಂದಿತ್ತು, ಆರ್ಸೆನಿಕ್ ಇರೋದು, ಅದು ಮುಖ್ಯವಾಗಿ ಭತ್ತದ ಪೈರು ಒಣಗಿಸೋದಕ್ಕೆ ಅಂತ ಇಟ್ಟಿದ್ದು. ಇದನ್ನ ಹೇಳಿದ ಮೇಲೆ ಅಪ್ಪ ಆ ಹಾಲ್‌ನಲ್ಲಿ ಮತ್ತೆ ಮಾತೇ ಆಡ್ಲಿಲ್ಲ.

ನನ್ನ ಕಂಪ್ಲೇಂಟ್ ಇರೋದು ಇಲ್ಲೇ. ಇಷ್ಟು ದೊಡ್ಡ ಮ್ಯೂಸಿಯಂಗೆ ಟ್ರಾವೆಲ್ಸ್‌ನೋರು ಕೊಟ್ಟಿದ್ದು 50 ನಿಮಿಷ, ಆಮೇಲೆ ಶಾಪಿಂಗ್ ಅಂತ ಒಂದು ಅಂಗಡೀಲಿ ಒಂದೂಕಾಲು ಗಂಟೆ ಕೂರಿಸಿದ್ರು. ಬುಕ್ ಮಾಡುವಾಗ ಆ ಅಂಗಡಿ ವಿಷ್ಯನೇ ಹೇಳಿರ್ಲಿಲ್ಲ. ನನಗೆ ನಿಜವಾಗ್ಲೂ ಸಿಟ್ಟು ಬಂತು, ಎರಡು ಸ್ಟಾರ್ ಕಟ್ ಮಾಡಿರೋದು ಇದಕ್ಕೇ.

ಕು ಚಿಯಲ್ಲಿ ಅಮ್ಮ, ಹೆಂಡ್ತಿ ಸುರಂಗ ನೋಡೋಕೆ ಹೋದ್ರು, ಅಪ್ಪನ ಮಂಡಿ ನೋವಿಗೆ ಅದು ಆಗಲ್ಲ, ನಾವಿಬ್ರೂ ಮೇಲೇ ಉಳಿದ್ವಿ. ಅಪ್ಪ ಕೂತ್ಕೊಂಡು ಒಂದು ಹಿಡಿ ಮಣ್ಣು ತಗೊಂಡು ಬೆರಳಲ್ಲಿ ಹಿಸುಕಿ ನೋಡಿದ್ರು, ಜಿಗುಟು ಕೆಮ್ಮಣ್ಣು. "ಇದ್ರಲ್ಲಿ ಇನ್ನೂ ಐತಾ?" ಅಂತ ಕೇಳಿದ್ರು. ಗೈಡ್ ವಾಪಸ್ ಬಂದ ಮೇಲೆ ಅದನ್ನೇ ಕೇಳಿದೆ. ಮೇಲಿಂದ ಹೊಡೆದ ಕಾಡಲ್ಲಿ ಬಿಸಿಲಿಗೆ ಮಳೆಗೆ ಬಹುಪಾಲು ಹೋಗಿದೆಯಂತೆ, ಉಳ್ಕೊಂಡಿರೋದು ಡ್ರಮ್ ಇಟ್ಟು, ವಿಮಾನಕ್ಕೆ ತುಂಬಿ, ಚೆಲ್ಲಿ, ವಿಮಾನ ತೊಳೆದ ಜಾಗಗಳಲ್ಲಿ, ಅಂದ್ರೆ ಬಿಯೆನ್ ಹೋವಾ, ಡಾ ನಾಂಗ್, ಫು ಕಾಟ್ ಏರ್‌ಬೇಸ್‌ಗಳಲ್ಲಿ. ಡಯಾಕ್ಸಿನ್ ನೀರಲ್ಲಿ ಕರಗಲ್ಲ, ಮಣ್ಣಿನ ಕಣಕ್ಕೆ ಅಂಟ್ಕೊಂಡು ಮಳೆ ನೀರಿನ ಜೊತೆ ಕೆರೆಗೆ ಹೋಗಿ ಹೂಳಲ್ಲಿ ಕೂರುತ್ತೆ, ಅಲ್ಲಿಂದ ಮೀನು, ಬಾತುಕೋಳಿ, ಅವುಗಳ ಕೊಬ್ಬು, ಅದನ್ನ ತಿಂದೋರು, ಆಮೇಲೆ ತಾಯಿ ಹಾಲು.

ಡಾ ನಾಂಗ್‌ನಲ್ಲಿ 2012ರಿಂದ 2018ರವರೆಗೆ ಮಣ್ಣು ಅಗೆದು ದೊಡ್ಡ ಕಾಂಕ್ರೀಟ್ ಗೋಡೆ ಒಳಗೆ ರಾಶಿ ಹಾಕಿ, ಡಯಾಕ್ಸಿನ್ ನಾಶ ಆಗ್ಲಿ ಅಂತ ಹೀಟರ್ ರಾಡ್ ಇಳಿಸಿ 335 ಡಿಗ್ರಿ ದಾಟೋವರೆಗೂ ಕಾಯಿಸಿದ್ರಂತೆ, ಸುಮಾರು 90,000 ಘನ ಮೀಟರ್. "ಇಟ್ಟಿಗೆ ಗೂಡು ಸುಟ್ಟಂಗೆ" ಅಂದ್ರು ಅಪ್ಪ. ಬಿಯೆನ್ ಹೋವಾ ಹೋ ಚಿ ಮಿನ್ ಸಿಟಿಯಿಂದ ಬರೀ 30 ಕಿಲೋಮೀಟರ್, ಅಲ್ಲಿ ಸುಮಾರು 5 ಲಕ್ಷ ಘನ ಮೀಟರ್ ವಿಷ ಸೇರಿದ ಮಣ್ಣಿದೆ, ಕೆಲಸ ಇನ್ನೂ ನಡೀತಾ ಇದೆ, 2025ರಲ್ಲಿ ಅಮೆರಿಕ ವಿದೇಶಿ ನೆರವು ತಡೆದಾಗ ಸ್ವಲ್ಪ ದಿನ ನಿಂತೂ ಹೋಗಿತ್ತು. ಯುದ್ಧ ಮುಗಿದಿದ್ದು 1975ಕ್ಕೆ, ಲೆಕ್ಕ ಹಾಕಿ ನೋಡಿ.

ಖಾಲಿ ಡ್ರಮ್‌ಗಳನ್ನ ಜನ ಗೊತ್ತಿಲ್ದೆ ಮನೆಗೆ ಒಯ್ದು ನೀರು ತುಂಬಿಸ್ಕೊಳ್ತಿದ್ರು ಅಂತಾನೂ ಗೈಡ್ ಹೇಳಿದ್ರು. ಊರಿಗೆ ಬಂದ ಮಾರನೇ ದಿನ ಅಪ್ಪ ಪಂಪ್‌ಸೆಟ್ ಮನೆಗೆ ಹೋಗಿ, ಕಳೆ ಎಣ್ಣೆ ಖಾಲಿ ಆದ ಮೇಲೆ ದನಕ್ಕೆ ನೀರು ಒಯ್ಯೋಕೆ ಅಂತ ಇಟ್ಕೊಂಡಿದ್ದ ಎರಡು ಕ್ಯಾನ್ ತೂತು ಮಾಡಿ ಬಿಸಾಕಿದ್ರಂತೆ, ಅಮ್ಮ ಫೋನಲ್ಲಿ ಹೇಳಿದ್ರು.

ಬುಕ್ ಮಾಡೋರು ಶಾಪಿಂಗ್ ಸ್ಟಾಪ್ ಬೇಡ ಅಂತ ಮೊದಲೇ ವಾಟ್ಸಾಪಲ್ಲಿ ಬರೆಸ್ಕೊಳ್ಳಿ, ಮ್ಯೂಸಿಯಂಗೆ ಕಮ್ಮಿ ಅಂದ್ರೂ ಎರಡೂವರೆ ಗಂಟೆ ಕೇಳಿ. ಗೈಡ್ ಮಾತ್ರ ಅವರೇ ಸಿಗ್ಲಿ ಅಂತ ಕೇಳ್ಕೊಳ್ಳಿ.